ಎರಡು ಸಲ ಓದಿಸಿಕೊಂಡ ಕಾಗದ

ನನ್ನ ಚಿಕ್ಕವಳು ಪಿಎಚ್.ಡಿ.ಗೆ ಅರ್ಜಿ ಹಾಕಿದ್ದು ನಿಮಗೆಲ್ಲ ಗೊತ್ತೇ ಅದೆ. ಗೊತ್ತಿಲ್ಲದೆ ಇರೋಕೆ ನಮ್ಮೋರು ಬಿಡಬೇಕಲ್ಲ! ತೆರಕಣಾಂಬಿ ಮಾರ್ಕೆಟ್ಟಿಗೆ ಹೋದ್ರೂ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಲ್ಲಿ ನಿಂತ್ರೂ, ಯಾರದಾದ್ರೂ ನಾಮಕರಣಕ್ಕೆ ಹೋಗಿ ಎಲೆ ಮುಂದೆ ಕೂತ್ರೂ ಒಂದೇ ಮಾತು. "ಇನ್ನೂ ಓದ್ತಾಳಾ? ಇಪ್ಪತ್ತೇಳು ತುಂಬ್ತಲ್ಲವ್ವ, ಮದ್ವೆ ಯಾವಾಗ?" ಕೇಳಿದೋರಲ್ಲಿ ಇದನ್ನ ಓದ್ತಿರೋರೂ ಇದ್ದೀರಿ. ಬೇಜಾರಿಲ್ಲ, ನಾನೂ ಬೇರೆಯವರ ಮಕ್ಕಳ ಬಗ್ಗೆ ಹಂಗೇ ಕೇಳಿದೋಳೇ. ಆದ್ರೆ ಇವತ್ತು ಬರೀತಿರೋದು ಮದುವೆ ವಿಷಯ ಅಲ್ಲ. ಆ ಅರ್ಜಿ ನಮ್ಮ ಮನೆಯೊಳಗೆ ಮುಚ್ಚಿಟ್ಟಿದ್ದ ಒಂದು ಹಳೇ ಕಾಗದವನ್ನ ಹೊರಗೆ ಎಳೀತು. ಅದನ್ನ ಹೇಳಬೇಕು ಅನ್ನಿಸ್ತು.

ಮೊದಲು ಅರ್ಜಿ ವಿಷಯ. ಅವಳು ಎಂ.ಎ. ಕನ್ನಡ ಮುಗಿಸಿದ ಮೇಲೆ ಒಂದು ದಿನ ರಾಗಿಮುದ್ದೆ ಮುರೀತಾ ಮುರೀತಾ "ನಾನು ಪಿಎಚ್.ಡಿ. ಮಾಡ್ತೀನಿ, ಸಾಕ್ಷರತೆ ಮೇಲೆ" ಅಂದಳು. ನಮ್ಮ ಯಜಮಾನ್ರು ಸಾರು ಬಿಟ್ಟುಕೊಳ್ತಾ ಸುಮ್ಮನಿದ್ರು. ನಮ್ಮತ್ತೆ ಗೋಡೆಗೆ ಒರಗಿ ಕೂತಿದ್ದೋರು ಕೇಳಿದ್ರು, "ಪಿಎಚ್ಡಿ ಅಂದ್ರ ಯಾನ ಕೂಸೆ?"

"ಡಾಕ್ಟ್ರಾಗೋದು ಅಜ್ಜಿ."

"ಸೂಜಿ ಚುಚ್ಚೋ ಡಾಕ್ಟ್ರಾ, ಗಾಜನೂರು ರಾಜಣ್ಣನ ತರದ ಡಾಕ್ಟ್ರಾ?"

ನಾವೆಲ್ಲ ನಕ್ಕುಬಿಟ್ಟೆವು. ಆದ್ರೆ ಅತ್ತೆ ಕೇಳಿದ್ದು ಸರಿಯಾಗೇ ಇತ್ತು. ರಾಜ್‌ಕುಮಾರ್ ಅವರು ಶಾಲೆಗೆ ಹೋಗಿದ್ದು ಎಷ್ಟೋ ಅಷ್ಟೆ, 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. "ರಾಜಣ್ಣನ ತರಾನೇ ಅಜ್ಜಿ, ಆದ್ರೆ ಅವರನ್ನ ಕರೆದು ಕೊಟ್ರು. ನಾನು ಬಾಗಿಲು ಬಡೀಬೇಕು" ಅಂದಳು ಮಗಳು.

ಬಾಗಿಲು ಬಡಿಯೋದು ಅಂದ್ರೆ ಏನು ಅಂತ ನಂಗೂ ಆಗಲೇ ಗೊತ್ತಾಗಿದ್ದು. ಪಿಯುಸಿಗೆ ನಿಂತೋಳು ನಾನು. ಅರ್ಜಿ ಅಂದ್ರೆ ಒಂದು ಫಾರಂ ತುಂಬಿ ಫೀಸು ಕಟ್ಟೋದು ಅಂದುಕೊಂಡಿದ್ದೆ. ಹಂಗಲ್ಲ. ಯುಜಿಸಿಯವರ 2022ರ ನಿಯಮದ ಪ್ರಕಾರ ಎಂ.ಎ.ಯಲ್ಲಿ ನೂರಕ್ಕೆ 55 ಇರಬೇಕು, ಮೀಸಲಾತಿ ಇರೋರಿಗೆ 50 ಸಾಕು. ಆಮೇಲೆ ಪ್ರವೇಶ ಪರೀಕ್ಷೆ, ಅದರಲ್ಲಿ ಅರ್ಧ ಅವರ ವಿಷಯ, ಅರ್ಧ ಸಂಶೋಧನೆ ಹೆಂಗೆ ಮಾಡೋದು ಅನ್ನೋದು. ಪಾಸಾದ್ರೆ ಸಂದರ್ಶನ. ಪರೀಕ್ಷೆಗೆ 70, ಸಂದರ್ಶನಕ್ಕೆ 30 ಲೆಕ್ಕ. ನೆಟ್ ಪಾಸಾಗಿರೋರಿಗೆ ಬೇರೆ ದಾರಿ ಇದೆ. 2024ರಿಂದ ಆ ಅಂಕವನ್ನೇ ಪಿಎಚ್.ಡಿ. ಸೇರೋಕೂ ತಗೋತಾರೆ. ಜೆ.ಆರ್.ಎಫ್. ಸಿಕ್ಕಿದ್ರೆ ತಿಂಗಳಿಗೆ 37,000 ರೂಪಾಯಿ ಬರ್ತದೆ. ನಮ್ಮವಳಿಗೆ ಅದು ಸಿಗಲಿಲ್ಲ, ಪ್ರವೇಶ ಪರೀಕ್ಷೆ ದಾರೀಲೇ ಹೋದಳು.

ಇನ್ನೊಂದು, ಸೀಟು ಅನ್ನೋದು ಗೈಡ್ ಮೇಲೆ ನಿಂತಿರ್ತದೆ. ಒಬ್ಬ ಪ್ರೊಫೆಸರ್ ಒಟ್ಟಿಗೆ 8 ಜನಕ್ಕೆ ಮಾತ್ರ ಗೈಡ್ ಆಗಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ಅವರ ಹತ್ರ ಜಾಗ ಇದ್ರೆ ಉಂಟು, ಇಲ್ದಿದ್ರೆ ಇಲ್ಲ. ನಮ್ಮ ಮನೆಯ ಹಸು ಕಟ್ಟೋ ಗೂಟದ ಲೆಕ್ಕ ಇದ್ದ ಹಂಗೆ.

ಸಾಕ್ಷರತೆ ಅಂತ ಅವಳು ಹೇಳಿದಾಗ ಅದಕ್ಕೇ ಒಂದು ಡಿಪಾರ್ಟ್‌ಮೆಂಟ್ ಇರಬೇಕು ಅಂದುಕೊಂಡಿದ್ದೆ. ಅದೂ ಹಂಗಲ್ಲ. ಆ ವಿಷಯ ಶಿಕ್ಷಣದೋರ ಕೈಲೂ ಅದೆ, ಭಾಷಾವಿಜ್ಞಾನದೋರ ಕೈಲೂ ಅದೆ, ಸಮಾಜಶಾಸ್ತ್ರ, ಕನ್ನಡದೋರೂ ಮಾಡಬಹುದು. ನೆಟ್‌ನಲ್ಲಿ ವಯಸ್ಕರ ಶಿಕ್ಷಣ ಅಂತ ಒಂದು ವಿಷಯವೇ ಇದೆ. ಮೈಸೂರಲ್ಲಿ 1969ರಿಂದ ಇರೋ ಭಾರತೀಯ ಭಾಷಾ ಸಂಸ್ಥಾನವೂ ಭಾಷೆ ಕಲಿಯೋ ಕಲಿಸೋ ಕೆಲಸವನ್ನೇ ಮಾಡ್ತದೆ. ಇವಳು ಕನ್ನಡದಲ್ಲೇ ಬರೀಬೇಕು ಅಂತ ಕನ್ನಡ ವಿಭಾಗಕ್ಕೆ ಹಾಕಿದಳು. ಆಗ ಅದು ಒಳ್ಳೇದಾಯ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಇಂಗ್ಲಿಷಲ್ಲಿ ಬರೆದಿದ್ರೆ ನಮ್ಮತ್ತೆ ಕಿವಿಗೆ ಅದು ಬೀಳ್ತಾನೇ ಇರಲಿಲ್ಲ.

ಹೋದ ವರ್ಷ ಪರೀಕ್ಷೆ ಪಾಸಾದಳು. ಸಂದರ್ಶನಕ್ಕೆ ಸಿನಾಪ್ಸಿಸ್ ತಗೊಂಡು ಹೋದಳು. ಸಿನಾಪ್ಸಿಸ್ ಅಂದ್ರೆ ನಾನು ಏನು ಹುಡುಕ್ತೀನಿ, ಯಾಕೆ, ಹೆಂಗೆ ಅಂತ ಮೊದಲೇ ಬರೆದು ಕೊಡೋದು. ನೆಂಟರು ಬರೋಕೆ ಮುಂಚೆ ಅಡಿಗೆ ಏನು ಅಂತ ಹೇಳಿಬಿಡೋ ಹಂಗೆ. ಅವಳು ಬರೆದಿದ್ದು "ಚಾಮರಾಜನಗರ ಜಿಲ್ಲೆಯ ಮಹಿಳಾ ಸಾಕ್ಷರತೆ: ಒಂದು ಅಧ್ಯಯನ". ಅದರಲ್ಲಿ ಅಂಕಿಅಂಶ ಎಲ್ಲಾ ಇತ್ತು. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೇಲಿ ಅಕ್ಷರ ಬಲ್ಲೋರು ನೂರಕ್ಕೆ 61, ಹೆಂಗಸರು ಮಾತ್ರ ನೋಡಿದ್ರೆ 55ಕ್ಕೂ ಒಸಿ ಕಮ್ಮಿ. ಆಗ ಇಡೀ ರಾಜ್ಯದ್ದು 75. ಮೈಸೂರಿಂದ ಬೇರೆಯಾಗಿ 1997ರಲ್ಲಿ ಜಿಲ್ಲೆ ಆದಾಗಿಂದ ಏನೇನಾಯ್ತು ಅಂತಾನೂ ಬರೆದಿದ್ದಳು.

ಕೂತಿದ್ದೋರು ಒಂದೇ ಪ್ರಶ್ನೆ ಕೇಳಿದ್ರಂತೆ. "ಇದೆಲ್ಲ ಲೈಬ್ರರೀಲಿ ಇದೆಯಮ್ಮ. ಇದರಲ್ಲಿ ನಿನ್ನ ಪ್ರಶ್ನೆ ಯಾವುದು?" ಇವಳು ತಡವರಿಸಿದಳು. ಪಟ್ಟೀಲಿ ಹೆಸರು ಬರಲಿಲ್ಲ.

ಅವತ್ತು ರಾತ್ರಿ ಕೊನೇ ಬಸ್ಸಿಗೆ ಬಂದೋಳು ಊಟನೂ ಮಾಡ್ದೆ ಮಲಗಿದಳು. ಮಾರನೇ ದಿನದಿಂದ ಒಂದು ಶಾಲೇಲಿ ಪಾಠ ಹೇಳೋಕೆ ಹೋದಳು. ಗಂಡುಗಳ ಫೋಟೋನೂ ಬರೋಕೆ ಶುರುವಾಯ್ತು. ನಂಗೂ ಒಳಗೊಳಗೇ, ಸಾಕಪ್ಪ, ಒಂದು ಕಡೆ ಸೇರಿಸಿಬಿಡಾನ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಈಗ ನಮ್ಮತ್ತೆ ವಿಷಯ ಹೇಳಬೇಕು. ಅವರಿಗೆ ಎಪ್ಪತ್ತೆಂಟು. ಶಾಲೆ ಮೆಟ್ಟಿಲು ಹತ್ತಿದೋರಲ್ಲ. ಆದ್ರೆ ಅರಿಶಿನ ಬೇಯಿಸಿ ಒಣಗಿಸಿ ಮಾರಿದ ದುಡ್ಡಿನ ಲೆಕ್ಕ ಅವರ ತಲೇಲಿ ಪೈಸೆ ತಪ್ಪದೆ ಇರ್ತದೆ. ಮಾದಪ್ಪನ ಕತೇನ ಕಂಸಾಳೆಯೋರು ರಾತ್ರಿಯೆಲ್ಲ ಹಾಡ್ತಾರಲ್ಲ, ಅದರಲ್ಲಿ ಒಂದು ಸೊಲ್ಲು ಬಿಟ್ಟೋದ್ರೆ ಇವರು ಕೂತಲ್ಲಿಂದಲೇ "ಅದ ಬುಟ್ಬುಟ್ಟಲ್ಲಪ್ಪ" ಅನ್ನೋರು. ಸ್ತ್ರೀಶಕ್ತಿ ಸಂಘ ಶುರುವಾದ ಮೇಲೆ ಸಹಿ ಹಾಕೋದು ಕಲಿತ್ರು. ಹೆಸರಲ್ಲಿ ಮೂರು ಅಕ್ಷರ, ಒಂದು ಒತ್ತು. ಒತ್ತನ್ನ ಮೊದಲು ಬರೆದು ಆಮೇಲೆ ಮೇಲಿನ ಅಕ್ಷರ ಕೂರಿಸ್ತಾರೆ, ಕಂಬ ನಿಲ್ಲಿಸಿ ತೊಲೆ ಇಟ್ಟ ಹಂಗೆ. ಜನಗಣತಿ ಲೆಕ್ಕದಲ್ಲಿ ಸಹಿ ಬಂದ್ರೆ ಸಾಕ್ಷರರಲ್ಲ. ಅರ್ಥ ಮಾಡ್ಕೊಂಡು ಓದೋಕೂ ಬರಬೇಕು, ಬರೆಯೋಕೂ ಬರಬೇಕು. ಹಂಗಾಗಿ ಅತ್ತೆ ಆ ಲೆಕ್ಕದಿಂದ ಹೊರಗೇ.

ಅವರದ್ದು ಒಂದು ಅಭ್ಯಾಸ ಇತ್ತು, ಅದು ನಂಗೆ ಮೊದಲಿಂದಲೂ ಮುಳ್ಳು. ಮನೆಗೆ ಯಾವ ಕಾಗದ ಬಂದ್ರೂ ನನ್ನ ಕೈಲಿ ಓದಿಸಿಕೊಳ್ಳೋರು. "ಹೂಂ" ಅನ್ನೋರು. ಆಮೇಲೆ ಅದನ್ನೇ ಸೆರಗಲ್ಲಿ ಸುತ್ತಿಕೊಂಡು ಇನ್ನೊಬ್ಬರ ಹತ್ರ ಹೋಗೋರು. ಸಂಘದ ಪಾಸ್‌ಬುಕ್ಕು ನಾನು ನೋಡಿ ಹೇಳಿದ್ರೆ, ಅಂಗನವಾಡಿ ಟೀಚರ್ ಹತ್ರ ಇನ್ನೊಂದು ಸಲ. ಕರೆಂಟ್ ಬಿಲ್ಲು, ಪಹಣಿ, ಆಸ್ಪತ್ರೆ ಚೀಟಿ, ಎಲ್ಲಾ ಹಂಗೇ. ಈಗ ಗೃಹಲಕ್ಷ್ಮಿ ಎರಡು ಸಾವಿರ ಬಂತು ಅಂತ ಫೋನಿಗೆ ಮೆಸೇಜ್ ಬಂದ್ರೆ ನಾನು ಒಂದು ಸಲ ಓದಬೇಕು, ಎದುರು ಮನೆ ಹುಡುಗ ಒಂದು ಸಲ ಓದಬೇಕು. "ನಮ್ಮತ್ತೆಗೆ ಅನುಮಾನ ಜಾಸ್ತಿ" ಅಂತ ನಿಮ್ಮ ಹತ್ರಾನೇ ಎಷ್ಟು ಸಲ ಹೇಳಿಕೊಂಡು ನಕ್ಕಿಲ್ಲ ನಾನು!

ಹೋದ ಜನವರೀಲಿ, ಅವರೆಕಾಯಿ ಕಾಲ. ಸಾಯಂಕಾಲ ಕರೆಂಟಿರಲಿಲ್ಲ. ಪಡಸಾಲೇಲಿ ಮೊರ ಇಟ್ಟುಕೊಂಡು ನಾನು, ಅತ್ತೆ ಕಾಳು ಹಿತುಕ್ತಾ ಇದ್ವಿ. ಮಗಳು ಮತ್ತೆ ಅರ್ಜಿ ಹಾಕ್ತೀನಿ ಅಂತ ಹೊಸ ಸಿನಾಪ್ಸಿಸ್ ಬರೆದಿದ್ದಳು. ಮೊಬೈಲ್ ಲೈಟಲ್ಲಿ ಜೋರಾಗಿ ಓದಿ ಅಭ್ಯಾಸ ಮಾಡ್ತಿದ್ದಳು. ಅದರಲ್ಲಿ ಒಂದು ಮಾತು ಬಂತು, "ಅನಕ್ಷರಸ್ಥ ಮಹಿಳೆಯರು ಓದುಬಲ್ಲವರ ಮೇಲೆ ಸಂಪೂರ್ಣವಾಗಿ ಅವಲಂಬಿತರಾಗಿರುತ್ತಾರೆ" ಅಂತ.

ಅತ್ತೆ ಕೈ ನಿಲ್ಲಿಸಿದ್ರು. "ಅವಲಂಬಿತ ಅಂದ್ರ ಯಾನವ್ವ?"

"ಬೇರೆಯವರು ಹೇಳಿದ್ದನ್ನೇ ನಂಬ್ಕೊಂಡಿರಬೇಕು ಅಂತ ಅಜ್ಜಿ. ಓದೋಕೆ ಬರಲ್ವಲ್ಲ, ಅದಕ್ಕೆ."

"ಹಂಗಂತ ಯಾರು ಹೇಳ್ದರು ನಿಂಗ?" ಅಂದ್ರು ಅತ್ತೆ. "ನಿಮ್ಮವ್ವನ ಕೇಳು. ಕೊಳ್ಳೇಗಾಲದ ಕಾಗ್ದದ ಕತ ಕೇಳು."

ನನ್ನ ಕೈಲಿದ್ದ ಕಾಳು ಮೊರಕ್ಕೆ ಬೀಳಲಿಲ್ಲ, ನೆಲಕ್ಕೆ ಬಿತ್ತು.

ಆ ಕತೆ ನಂಗೊಬ್ಬಳಿಗೇ ಗೊತ್ತು ಅಂದುಕೊಂಡು ಮೂವತ್ತು ವರ್ಷದ ಮೇಲೆ ಕಳೆದಿದ್ದೆ. ನಿಮಗೂ ಹೇಳ್ತೀನಿ.

ನನ್ನ ಮದುವೆಯಾಗಿದ್ದು 1990ರಲ್ಲಿ, ಪಿಯುಸಿ ಆದ ವರ್ಷವೇ. ಆಗ ಸಾಕ್ಷರತಾ ಆಂದೋಲನದ ಕಾಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿತ್ತು. ನಮ್ಮ ಪಕ್ಕದ ಕೇರಳ 1991ರಲ್ಲಿ ಪೂರ್ತಿ ಸಾಕ್ಷರ ಆಯ್ತು ಅಂತ ಘೋಷಣೆ ಮಾಡ್ಕೊಂಡಿತ್ತು. ಕೋಝಿಕ್ಕೋಡಿನಲ್ಲಿ ಏಪ್ರಿಲ್ 18ನೇ ತಾರೀಕು ಆ ಘೋಷಣೆ ಓದಿದ್ದು ಮಂತ್ರಿಯಲ್ಲ, ಆಗಷ್ಟೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ ಅನ್ನೋ ಹೆಂಗಸು. ಬಂಡೀಪುರದ ಕಾಡು ದಾಟಿದ್ರೆ ಕೇರಳ. ಆ ಸುದ್ದಿ ನಮ್ಮೂರಿಗೂ ಬಂದಿತ್ತು. ನಮ್ಮ ಕಡೇಲೂ ಸಂಜೆ ಹೊತ್ತು ಅಕ್ಷರ ಕಲಿಸೋಕೆ ಊರೂರಿಗೆ ಓದಿದ ಹುಡುಗ ಹುಡುಗೀರನ್ನ ಹುಡುಕ್ತಿದ್ರು. ಊರಲ್ಲಿ ಪಿಯುಸಿ ಓದಿದ ಸೊಸೆ ನಾನೊಬ್ಬಳೇ. ಗುಡಿ ಜಗಲಿ ಮೇಲೆ ಲಾಟೀನು ಇಟ್ಟುಕೊಂಡು ಹನ್ನೆರಡು ಜನ ಹೆಂಗಸರಿಗೆ ಕಲಿಸ್ತಿದ್ದೆ.

ನಮ್ಮತ್ತೆ ಬರಲಿಲ್ಲ. ಮಿಷನ್ನಿನ ಲೆಕ್ಕ 15ರಿಂದ 35 ವಯಸ್ಸಿನೋರಿಗೆ. ಅತ್ತೆಗೆ ಆಗಲೇ ನಲವತ್ತು ದಾಟಿತ್ತು, ಪಟ್ಟೀಲಿ ಹೆಸರಿರಲಿಲ್ಲ. "ಬನ್ನಿ ಅತ್ತೆ, ಯಾರೂ ಏನೂ ಅನ್ನಲ್ಲ" ಅಂತ ನಾನು ಕರೆದೆ. "ಸೊಸೆ ಮುಂದ ಸ್ಲೇಟು ಹಿಡ್ಕಂಡು ಕೂರದಾ?" ಅಂದು ಹಿತ್ತಲಿಗೆ ಹೋದ್ರು. ಆದ್ರೂ ಒಂದೊಂದು ದಿನ ಗುಡಿ ಕಂಬದ ಮರೇಲಿ ನಿಂತಿರೋರು, ಹಸು ಕಾಯ್ತಿರೋ ಹಂಗೆ. ನಾನು ನೋಡಿಯೂ ನೋಡದ ಹಂಗೆ ಇದ್ದೆ. ಈಗ ಯೋಚನೆ ಮಾಡಿದ್ರೆ, ಆಗ ಒಂದು ಮಾತು ಬೇರೆ ತರ ಕರೀಬಹುದಿತ್ತು ಅನ್ನಿಸ್ತದೆ. ಇಪ್ಪತ್ತು ವರ್ಷದ ಹುಡುಗಿ, ಮೇಷ್ಟ್ರಾಗಿದ್ದೀನಿ ಅನ್ನೋ ಜಂಬ ನಂಗೂ ಇತ್ತು.

ಮುಂದಿನ ವರ್ಷ ನಾನು ಬಸುರಿ. ನಂಗೆ ಅವ್ವ ಇರಲಿಲ್ಲ, ತವರಿಗೆ ಹೋಗೋ ಹಂಗಿರಲಿಲ್ಲ. ಬಾಣಂತನ ಅತ್ತೆಯೇ ಮಾಡಬೇಕಿತ್ತು. ದಿನ ತುಂಬ್ತಾ ಬಂದಾಗ ಕೊಳ್ಳೇಗಾಲದ ಕಡೆಯಿಂದ ಅತ್ತೆ ತಂಗೀದು ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಆ ಚಿಕ್ಕತ್ತೆಗೂ ಓದು ಬರಹ ಇಲ್ಲ, ಅವರ ಮಗ ಬರೆದಿದ್ದ. ಅಕ್ಕ ತಂಗಿ ಮಾತು ಆ ಕಡೆ ಒಬ್ಬರ ಕೈ ದಾಟಿ, ಈ ಕಡೆ ನನ್ನ ಬಾಯಿ ದಾಟಿ ಹೋಗಬೇಕಿತ್ತು. ಅದರಲ್ಲಿ ಅರ್ಧಕ್ಕಿಂತ ಮೇಲೆ ಒಂದೇ ವಿಷಯ: ಮೈಗೆ ಹುಷಾರಿಲ್ಲ, ಜ್ವರ ಬಿಡ್ತಾ ಇಲ್ಲ, ಮಾಡೋರಿಲ್ಲ, ಅಕ್ಕ ಒಂದು ಹತ್ತು ದಿನ ಬಂದು ಹೋಗಲಿ.

ನಾನು ಆ ಭಾಗ ಓದಲಿಲ್ಲ. ಎಲ್ಲಾ ಚೆನ್ನಾಗಿದ್ದಾರೆ, ಮಳೆ ಆಗ್ತಿದೆ, ಮಕ್ಕಳು ಶಾಲೆಗೆ ಹೋಗ್ತಿದ್ದಾವೆ ಅಂತ ಹೇಳಿ ಮಡಚಿಬಿಟ್ಟೆ. ಅತ್ತೆ ಹೋದ್ರೆ ನಂಗ್ಯಾರು ಅನ್ನೋ ಭಯ. ಕೇಳೋಕೆ ಬಾಯಿ ಬರಲಿಲ್ಲ, ಮುಚ್ಚೋಕೆ ಬಂತು. ಚಿಕ್ಕತ್ತೆ ಆಮೇಲೆ ಹುಷಾರಾದ್ರು, ಬಹಳ ವರ್ಷ ಬದುಕಿದ್ರು. ಆದ್ರೆ ಅವರು ನಮ್ಮನೆಗೆ ಬಂದಾಗಲೆಲ್ಲ ನಂಗೆ ಹೊಟ್ಟೆಯೊಳಗೆ ಕಲಸೋದು. "ಕಾಗ್ದ ಬರೆದ್ರೂ ಬರಲಿಲ್ಲವಲ್ಲಕ್ಕ" ಅಂತ ಎಲ್ಲಿ ಅಂದುಬಿಡ್ತಾರೋ ಅಂತ. ಅವರು ಅನ್ನಲೇ ಇಲ್ಲ. ಹತ್ತು ವರ್ಷದ ಹಿಂದೆ ಹೋಗಿಬಿಟ್ರು. ಗುಟ್ಟು ಅವರ ಜೊತೆಗೇ ಹೋಯ್ತು ಅಂದುಕೊಂಡೆ.

ಅವತ್ತು ಕತ್ತಲಲ್ಲಿ ಅತ್ತೆ ಮೊಮ್ಮಗಳಿಗೆ ಹೇಳಿದ್ರು. "ಆ ಕಾಗ್ದ ಮೂರು ಮಡಿಕೆಲೂ ತುಂಬ್ಕಂಡಿತ್ತು ಕನ ಕೂಸೆ. ನಿಮ್ಮವ್ವ ಓದುದ್ದು ನಾಕೇ ಮಾತು. ನಂಗ ಅಕ್ಸರ ಗೊತ್ತಿಲ್ದೆ ಇರ್ಬೌದು, ಕಾಗ್ದ ಎಷ್ಟು ತುಂಬದ ಅಂತ ಕಣ್ಗ ಕಾಣದಿಲ್ವಾ? ಓದ್ವಾಗ ಕಣ್ಣು ಕೆಳಕ್ಕ ಹೋಯ್ತು, ಬಾಯಿ ಅಲ್ಲೇ ನಿಂತ್ಕತು. ಮಾರ್ನೇ ದಿನ ಅಂಚೆಯಪ್ಪ ಬಂದಾಗ ಅವ್ನ ಕೈಲಿ ಓದುಸ್ದೆ."

"ಆಮೇಲೆ?" ಅಂದಳು ಮಗಳು.

"ಆಮೇಲ ಯಾನ. ಅಂವ್ನ ಕೈಲೇ ಐವತ್ತು ರೂಪಾಯಿ ಮನಿಯಾರ್ಡರ್ ಮಾಡುಸ್ದೆ. ಕೆಳಗ ಬರೆಯೋ ಜಾಗ್ದಲ್ಲಿ, ಸೊಸೆಗ ದಿನ ತುಂಬದ, ತಾಯಿಲ್ಲದ ಮಗ, ಬುಟ್ಟು ಬರೋಕಾಗದಿಲ್ಲ, ಈ ದುಡ್ಡಲ್ಲಿ ಡಾಕ್ಟ್ರಿಗ ತೋರ್ಸ್ಕೊ ಅಂತ ಬರುಸ್ದೆ. ಹೋಗದಾ ಬುಡದಾ ಅಂತ ತೀರ್ಮಾನ ಮಾಡ್ದೋಳು ನಾನು. ನಿಮ್ಮವ್ವ ಅಲ್ಲ."

ಚಿಕ್ಕತ್ತೆಗೂ ಗೊತ್ತಿತ್ತು. ಅಂಚೆಯವನಿಗೂ ಗೊತ್ತಿತ್ತು. ಆ ಮನೇಲಿ ಓದೋಕೆ ಬರ್ತಿದ್ದೋಳು ನಾನೊಬ್ಬಳೇ, ಏನಾಯ್ತು ಅಂತ ಗೊತ್ತಿಲ್ಲದೆ ಇದ್ದೋಳೂ ನಾನೊಬ್ಬಳೇ.

ನಾನು ಅತ್ತೆ ಮಂಡಿ ಹಿಡಕೊಂಡೆ. "ಅತ್ತೆ, ಆಗಲೇ ಬೈಯಬಾರದಿತ್ತಾ" ಅಂದೆ. ಅವರು ಮೊರದಲ್ಲಿ ಕೈಯಾಡಿಸ್ತಾ ಅಂದ್ರು, "ದಿನ ತುಂಬಿದ ಹೆಣ್ಣ ಬೈಯದಾ? ನೀ ಹೆದ್ರಿದ್ದೆ, ಅದು ನಂಗ ಗೊತ್ತಾಯ್ತು. ಬಾಯ್ಬುಟ್ಟು ಕೇಳಿದ್ರೂ ನಾ ಉಳ್ಕತಿದ್ದೆ ಕನವ್ವ. ನೀ ಮುಚ್ಚಿಟ್ಟಲ್ಲ, ಅದೊಂದು ನಟ್ಕತು. ಅವತ್ತಿಂದ ನಾನು ಯಾವ ಕಾಗ್ದನೂ ಎಲ್ಡು ಸಲ ಓದುಸ್ಕಂಡೇ ನಂಬದು."

ಅನುಮಾನ ಅಂತ ನಾನು ನಗ್ತಿದ್ದ ಅಭ್ಯಾಸ ಎಲ್ಲಿ ಹುಟ್ಟಿದ್ದು ಅಂತ ಆಗ ಗೊತ್ತಾಯ್ತು. ನಾನೇ ಹುಟ್ಟಿಸಿದ್ದು.

ನಾನು ಅಳ್ತಾ ಕೂತಿದ್ದೆ. ನಮ್ಮವಳು ಮಾತ್ರ ಬರೆದಿದ್ದ ಹಾಳೆ ತಿರುಗಿಸಿ ಹಿಂದುಗಡೆ ಏನೋ ಗೀಚ್ತಾ ಇದ್ದಳು. ಮೊದಲು ಸಿಟ್ಟು ಬಂತು, ಇಂಥಾ ಹೊತ್ತಲ್ಲೂ ಇವಳಿಗೆ ಬರೆಯೋದೇ ಆಯ್ತಲ್ಲ ಅಂತ. ಆಮೇಲೆ ಗೊತ್ತಾಯ್ತು, ಸಂದರ್ಶನದಲ್ಲಿ ಕೇಳಿದ್ರಲ್ಲ, ನಿನ್ನ ಪ್ರಶ್ನೆ ಯಾವುದು ಅಂತ, ಅದು ಅವಳಿಗೆ ಸಿಕ್ಕಿತ್ತು. ಓದೋಕೆ ಬಾರದೋರು, ಓದಿ ಹೇಳೋರನ್ನ ಹೆಂಗೆ ಪರೀಕ್ಷೆ ಮಾಡ್ತಾರೆ?

ಆಮೇಲೆ ಅವಳು ನಂಗೆ ಕೆಲವು ವಿಷಯ ಬಿಡಿಸಿ ಹೇಳಿದಳು. ಬ್ರಯಾನ್ ಸ್ಟ್ರೀಟ್ ಅಂತ ಇಂಗ್ಲೆಂಡಿನೋರು ಒಬ್ಬರು 1970ರ ದಶಕದಲ್ಲಿ ಇರಾನಿನ ಹಳ್ಳೀಲಿ ಇದ್ದು ಜನ ಓದು ಬರಹನ ಯಾವ್ಯಾವ ಕೆಲಸಕ್ಕೆ ಹೆಂಗೆ ಬಳಸ್ತಾರೆ ಅಂತ ನೋಡಿ, 1984ರಲ್ಲಿ ಪುಸ್ತಕ ಬರೆದ್ರಂತೆ. ಓದು ಬರಹ ಅನ್ನೋದು ಎಲ್ಲಾ ಕಡೆ ಒಂದೇ ತರದ ವಿದ್ಯೆಯಲ್ಲ, ಯಾರು ಯಾರಿಗೆ ಓದಿ ಹೇಳ್ತಾರೆ, ಯಾರ ಕೈಲಿ ಅಧಿಕಾರ ಅದೆ, ಅದೆಲ್ಲ ಅದರೊಳಗೇ ಸೇರಿರ್ತದೆ ಅಂತ ಅವರ ವಾದ. ಅದನ್ನ ಕೇಳಿ ನಂಗೆ, ಇರಾನಿಗೆ ಯಾಕೆ ಹೋಗಬೇಕಿತ್ತು, ನಮ್ಮ ಪಡಸಾಲೆಗೆ ಬಂದಿದ್ರೆ ಸಾಕಿತ್ತಲ್ಲ ಅನ್ನಿಸ್ತು.

ನಾನು ಜಗಲಿ ಮೇಲೆ ಕಲಿಸಿದ ಹನ್ನೆರಡು ಜನ ಯಾಕೆ ಮರೆತ್ರು ಅಂತಾನೂ ಕೇಳಿದೆ. ಎರಡು ಮೂರು ಜನ ಬಿಟ್ರೆ ಉಳಿದೋರಿಗೆ ಈಗ ಸಹಿ ಅಷ್ಟೇ ಬರೋದು. ನಾನು ಸರಿಯಾಗಿ ಕಲಿಸಲಿಲ್ಲ ಅಂತ ನನ್ನ ಮನಸ್ಸಲ್ಲಿತ್ತು. ಆಗಿನ ಪುಸ್ತಕ ಮೂರು ಭಾಗ, ಒಟ್ಟು 200 ಗಂಟೇಲಿ ಮುಗಿಸಬೇಕು ಅಂತ ಇದ್ದಿದ್ದು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲಾ ಹಿಡಿತಕ್ಕೆ ಬರೋಕೆ ದಿನಾ ಶಾಲೆಗೆ ಹೋಗೋ ಮಕ್ಕಳಿಗೇ ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಆಗ್ತದೆ ಅಂತ ಸೊನಾಲಿ ನಾಗ್ ಅನ್ನೋ ಸಂಶೋಧಕರು ಕನ್ನಡ ಮಕ್ಕಳ ಓದನ್ನೇ ನೋಡಿ ತೋರಿಸಿದ್ದಾರಂತೆ. ಹೊಲದಲ್ಲಿ ಈರುಳ್ಳಿ ಕಿತ್ತು ಬಂದು ತೂಕಡಿಸ್ತಾ ಕೂರ್ತಿದ್ದ ಹೆಂಗಸರು 200 ಗಂಟೇಲಿ ಕಲೀಲಿಲ್ಲ ಅಂದ್ರೆ ಅವರದ್ದೂ ತಪ್ಪಲ್ಲ, ನಂದೂ ಪೂರ್ತಿ ತಪ್ಪಲ್ಲ. ಆಮೇಲೆ ಓದೋಕೆ ಮನೇಲಿ ಒಂದು ಪೇಪರ್ರೂ ಇರಲಿಲ್ಲ. ಬಳಸದ ಕುಡುಗೋಲು ತುಕ್ಕು ಹಿಡೀದೆ ಇರ್ತದಾ?

ಹೊಸ ಸಿನಾಪ್ಸಿಸ್ಸಲ್ಲಿ "ಸಂಪೂರ್ಣವಾಗಿ ಅವಲಂಬಿತರು" ಅನ್ನೋ ಮಾತು ತೆಗೆದು ಹಾಕಿದಳು. ಇಡೀ ಜಿಲ್ಲೆ ಬಿಟ್ಟು ಒಂದು ತಾಲ್ಲೂಕು, ಅದರಲ್ಲೂ ನಾಲ್ಕು ಊರು. ಕಾಗದ, ಪಾಸ್‌ಬುಕ್ಕು, ಫೋನಿನ ಮೆಸೇಜು, ಮೂರೇ ವಿಷಯ. ಬರೆಯೋಕೆ ಮುಂಚೆ ಅಜ್ಜಿ ಹತ್ರ ಕೇಳಿದಳು, "ನಿನ್ನ ಕತೆ ಹಾಕಬಹುದಾ ಅಜ್ಜಿ?" ಅಂತ. ಯಾರ ಮಾತು ಬರೀತೀವೋ ಅವರ ಒಪ್ಪಿಗೆ ಬೇಕಂತೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ರು. "ಹೆಬ್ಬೆಟ್ಟು ಅಂತ ಬರ್ದೀಯಾ?" ಅಂದ್ರು. ಸಂಘದಲ್ಲಿ ಸಹಿ ಕಲಿಯೋವರೆಗೂ ಆ ಮಾತು ಅವರನ್ನ ಎಷ್ಟು ಸುಟ್ಟಿತ್ತು ಅಂತ ಅವತ್ತೇ ನಂಗೆ ಕಂಡಿದ್ದು. "ಇಲ್ಲ ಅಜ್ಜಿ, ಎರಡು ಸಲ ಓದಿಸಿಕೊಳ್ಳೋರು ಅಂತ ಬರೀತೀನಿ" ಅಂದಳು. "ಹೆಸ್ರು ಬ್ಯಾಡ. ಮಾತು ಬರ್ಕೊ" ಅಂತ ಒಪ್ಪಿದ್ರು.

ನನ್ನ ಒಪ್ಪಿಗೇನೂ ಕೇಳಿದಳು. ನಾನು ಎರಡು ದಿನ ತಗೊಂಡೆ. ಮಗಳ ಪುಸ್ತಕದಲ್ಲಿ ಕಾಗದ ಮುಚ್ಚಿಟ್ಟ ಸೊಸೆಯಾಗಿ ಕೂರೋದು ಸುಲಭವಾ ನೀವೇ ಹೇಳಿ. ಆಮೇಲೆ ಹೂಂ ಅಂದೆ.

ಈ ಸಲದ ಸಂದರ್ಶನದಲ್ಲಿ ಮುಕ್ಕಾಲು ಗಂಟೆ ಕೂರಿಸಿಕೊಂಡ್ರಂತೆ. ಬೇರೆಯವರ ಮನೇಲೂ ಹಿಂಗೇ ಅಂತ ಹೆಂಗೆ ಗೊತ್ತು, ನಿನ್ನ ಅಜ್ಜಿ ಒಬ್ಬರೇ ಜಾಣೆ ಆಗಿರಬಹುದಲ್ಲ ಅಂತ ಒಬ್ಬರು ಕೇಳಿದ್ರಂತೆ. "ಅದನ್ನೇ ಹುಡುಕೋಕೆ ಬಂದಿದ್ದೀನಿ ಸರ್" ಅಂದಳಂತೆ. ಹೋದ ತಿಂಗಳು ಪಟ್ಟಿ ಬಂತು, ಹೆಸರು ಅದೆ. ಮೊದಲು ಕೋರ್ಸ್‌ವರ್ಕ್ ಅಂತ ಪಾಠ, ಆಮೇಲೆ ಹಳ್ಳಿ ಸುತ್ತಾಟ. ಕಮ್ಮಿ ಅಂದ್ರೂ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಬೇಕು, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ರಿಯಾಯಿತಿ ಸಿಗ್ತದೆ. ಮಧ್ಯ ಹೆರಿಗೆ ಆದ್ರೆ 240 ದಿನ ರಜೆ ಕೊಡೋಕೂ ನಿಯಮ ಅದೆ. ಮದುವೆ ಯಾವಾಗ ಅಂತ ಕೇಳೋರಿಗೆ ಇದು ನನ್ನ ಉತ್ತರ: ಆಗ್ತಾಳೆ, ಆದ್ರೂ ಓದು ನಿಲ್ಲೋದಿಲ್ಲ. ನಿಮ್ಮನೇಲೂ ಎಂ.ಎ. ಆದ ಹುಡುಗಿ ಇದ್ರೆ ಕಳಿಸಿಕೊಡಿ, ಅರ್ಜಿ ಹೆಂಗೆ ಅಂತ ಇವಳು ಹೇಳಿಕೊಡ್ತಾಳೆ. ಜಾತಿ, ಆದಾಯದ ಪತ್ರ ನಾಡಕಚೇರೀಲಿ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೇ ದಿನ ಸರ್ವರ್ ಇಲ್ಲ ಅಂತ ಅಲೀಬೇಡಿ.

ಅರ್ಜಿ ಕಳಿಸೋಕೆ ಹಿಂದಿನ ದಿನದ್ದು ಒಂದು ಹೇಳಿ ಮುಗಿಸ್ತೀನಿ. ಸಿನಾಪ್ಸಿಸ್ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳು, ಒಂಬತ್ತು ಹಾಳೆ. ಅತ್ತೆ "ಓದವ್ವ" ಅಂತ ನನ್ನ ಕೈಗೆ ಕೊಟ್ರು. ಒಂದು ಸಾಲೂ ಬಿಡದೆ ಓದಿದೆ. "ಓದಿ ಹೇಳುವ ಸೊಸೆ ತನ್ನ ಅನುಕೂಲಕ್ಕೆ ಪತ್ರದ ಭಾಗವನ್ನು ಮರೆಮಾಚಿದಾಗ" ಅನ್ನೋ ಸಾಲು ಬಂದಾಗ ಗಂಟಲು ಕಟ್ಟಿತು, ನೀರು ಕುಡಿದು ಅದನ್ನೂ ಓದಿದೆ. ಅತ್ತೆ ನನ್ನ ಮುಖ ನೋಡ್ತಾ ಇರಲಿಲ್ಲ. ಹಾಳೆ ನೋಡ್ತಾ ಇದ್ರು, ನನ್ನ ಬಾಯಿ ಜೊತೆ ಕಣ್ಣು ಕೆಳಕ್ಕೆ ಇಳಿಸ್ತಾ.

ಮುಗಿದ ಮೇಲೆ "ಹೂಂ, ಸಂದಾಗದ" ಅಂದ್ರು. ಒಂಬತ್ತು ಹಾಳೇನೂ ಜೋಡಿಸಿ, ಸೆರಗಲ್ಲಿ ಸುತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಎದುರು ಮನೆ ಕಡೆ ಹೊರಟ್ರು.

ನಾನೇ ಎದ್ದು ಹೋಗಿ, ಬೀದಿ ಲೈಟಿರಲಿಲ್ಲ, ಟಾರ್ಚ್ ಹಿಡಿದೆ.